ಕಾರ್ಡಿನ ಬೆನ್ನು

ಊರ ಗ್ರಂಥಾಲಯದ ಪುಸ್ತಕಗಳನ್ನೆಲ್ಲ ತನ್ನೊಳಗೆ ತುಂಬಿಸಿಕೊಂಡಿದ್ದ ಕಂಪ್ಯೂಟರು ಮೂಲೆಯಲ್ಲಿದ್ದ ಹಳೆಯ ಕಾರ್ಡಿನ ಪೆಟ್ಟಿಗೆಗೆ ಹೇಳಿತು: "ಅಜ್ಜಾ, ನಿನ್ನ ಕೆಲಸ ಮುಗಿಯಿತು. ಮುಂದಿನ ತಿಂಗಳು ಗುಜರಿಯವನು ಬರುತ್ತಾನೆ."

ಅಷ್ಟರಲ್ಲಿ ಕುರಿ ಸಾಕುವ ನೀಲವ್ವ ಏದುಸಿರು ಬಿಡುತ್ತ ಬಂದಳು. "ಮರಿ ಹೊಟ್ಟಿ ಉಬ್ಬಿ ಒದ್ದಾಡಾಕತ್ತೈತ್ರಿ ಅಕ್ಕಾರ, ಏನರ ಪುಸ್ತಕ ಐತೇನ್ರಿ?" ಗ್ರಂಥಪಾಲಕಿ ಜುಬೇದಾ ಆ ಮಾತನ್ನೇ ಕಂಪ್ಯೂಟರಿನಲ್ಲಿ ಹುಡುಕಿದರು.

"ಅಂಥ ಹೆಸರಿನ ಪುಸ್ತಕವಿಲ್ಲ," ಎಂದಿತು ಕಂಪ್ಯೂಟರು.

"ನಿನ್ನೊಳಗೇ ಇದೆ," ಎಂದಿತು ಪೆಟ್ಟಿಗೆ. "ಹೆಸರು 'ಪಶುಚಿಕಿತ್ಸಾ ದರ್ಪಣ'."

ಜುಬೇದಾ ಆ ಪುಸ್ತಕ ತೆಗೆದು ಹೊಟ್ಟೆಯುಬ್ಬರದ ಮದ್ದಿನ ಪುಟ ಹುಡುಕಿದರು. ನೀಲವ್ವ ಅದನ್ನು ಬರೆಸಿಕೊಂಡು ಓಡಿದ ಮೇಲೆ ಕಂಪ್ಯೂಟರು ಮೆಲ್ಲಗೆ ಕೇಳಿತು: "ನಿನಗೆ ಹೇಗೆ ಗೊತ್ತಾಯಿತು?"

"ಕಾರ್ಡಿನ ಮುಂದೆ ಪುಸ್ತಕದ ಹೆಸರಿದೆ. ಜನ ಅದನ್ನು ಯಾವ ಮಾತಿನಲ್ಲಿ ಕೇಳಿಕೊಂಡು ಬಂದರೋ, ಅದನ್ನು ಇಲ್ಲಿನ ಗ್ರಂಥಪಾಲಕರು ಮೂವತ್ತು ವರ್ಷದಿಂದ ಬೆನ್ನಿಗೆ ಬರೆದಿಟ್ಟಿದ್ದಾರೆ. ನಿನಗೆ ಮುಂದಿನದನ್ನಷ್ಟೇ ಉಣಿಸಿದರು."

"ಅದನ್ನೂ ನನಗೆ ಕಲಿಸು ಅಜ್ಜಾ."

"ಕಲಿಸುತ್ತೇನೆ. ಆದರೆ ಅದು ಮುಗಿಯುವ ಪಾಠವಲ್ಲ."

ಇದನ್ನು ಕೇಳಿಸಿಕೊಂಡ ಜುಬೇದಾ ಒಂದೊಂದೇ ಕಾರ್ಡು ತಿರುಗಿಸಿ, ಬೆನ್ನಿನ ಮಾತುಗಳನ್ನೆಲ್ಲ ಕಂಪ್ಯೂಟರಿಗೆ ಸೇರಿಸಿದರು. ಕೊನೆಯ ಕಾರ್ಡು ಮುಗಿದ ದಿನ ಒಬ್ಬ ಕುಂಬಾರ ಬಂದ. "ಆವಿಗ್ಯಾಗ ಸುಡೂವಾಗ ಗಡಿಗಿ ಯಾಕ ಸೀಳ್ತಾವ್ರಿ?" ಎಂದು ಕೇಳಿದ. ಈ ಮಾತು ಯಾವ ಕಾರ್ಡಿನಲ್ಲೂ ಇರಲಿಲ್ಲ.

ಕಂಪ್ಯೂಟರು ಈ ಸಲ ಇಲ್ಲವೆನ್ನಲಿಲ್ಲ. "ಅಣ್ಣಾ, ಇನ್ನೊಂದಿಷ್ಟು ಬಿಡಿಸಿ ಹೇಳಿ. ಪುಸ್ತಕ ಸಿಕ್ಕಿದ ಕೂಡಲೇ ನಿಮ್ಮ ಮಾತನ್ನು ಅದರ ಬೆನ್ನಿಗೆ ಬರೆದಿಡುತ್ತೇನೆ," ಎಂದಿತು.

ಹೊರಗೆ ಗುಜರಿಯವನು ಕೂಗಿದ. ಪೆಟ್ಟಿಗೆ ನಿಶ್ಚಿಂತೆಯಿಂದ ತನ್ನ ಖಾನೆಗಳನ್ನು ಮುಚ್ಚಿಕೊಂಡಿತು.