ಸಂಬಳದವಳ ಸೂತಕ

ಬಟ್ಟೆ ಅಂಗಡಿ ಶ್ರೀಪತಿರಾಯರ ಮನೆಯಲ್ಲಿ ಅಡುಗೆಯ ರುಕ್ಕಮ್ಮ ಸಂಬಳದ ಮಾತೆತ್ತಿದಾಗಲೆಲ್ಲ ಒಂದೇ ಉತ್ತರ: "ನೀನು ಮನೆಯವಳೇ ಅಲ್ವೇನೇ? ಮನೆಯವರಿಗೆ ಎಂಥಾ ಸಂಬಳ!" ಎರಡು ಹೊತ್ತು ಊಟ, ಹಬ್ಬಕ್ಕೊಂದು ಸೀರೆ, ಕೈಗೆ ಅಷ್ಟಿಷ್ಟು ಚಿಲ್ಲರೆ. ಹಾಸಿಗೆ ಹಿಡಿದ ರಾಯರ ತಾಯಿಗೆ ಗಂಜಿ ಕುಡಿಸಿ ಮೈ ಒರೆಸುತ್ತಿದ್ದವಳೂ ಅವಳೇ. ಆ ಅಜ್ಜಿ ಮಾತ್ರ ಅವಳನ್ನು ಬಾಯಿತುಂಬ "ಮಗಳೇ" ಎನ್ನುತ್ತಿದ್ದರು.

ಒಂದು ದಿನ ಅವರು ತೀರಿಕೊಂಡರು. ಮಾರನೇ ದಿನ ಮಾತನಾಡಿಸಲು ಬಂದವರಿಂದ ನಡುಮನೆ ತುಂಬಿತು. ಸೂತಕದವರು ಮಾಡಿದ ಅಡುಗೆಯನ್ನು ಹೊರಗಿನವರು ಉಣ್ಣುವಂತಿಲ್ಲ. ರಾಯರು ಕೂಗಿದರು: "ರುಕ್ಕಮ್ಮ, ಒಲೆ ಹಚ್ಚು!"

ಮನೆಯ ಹೆಂಗಸರ ಜೊತೆ ಮೂಲೆಯಲ್ಲಿ ಕೂತಿದ್ದ ರುಕ್ಕಮ್ಮ ಏಳಲಿಲ್ಲ. "ಅಯ್ಯೋ, ನನಗೂ ಸೂತಕ ಅಲ್ವೇ ರಾಯರೇ? ನಾನೂ ಮನೆಯವಳಲ್ವೇ?"

ಬಂದವರೆಲ್ಲ ತಿರುಗಿ ನೋಡಿದರು. ರಾಯರ ಮುಖ ಕೆಂಪಾಯಿತು. "ನಿನಗೆಂಥಾ ಸೂತಕ? ನೀನು ಸಂಬಳಕ್ಕಿರೋಳು!"

"ಎಲ್ಲರೂ ಕೇಳಿಸಿಕೊಂಡರು ರಾಯರೇ. ಹಾಗಾದರೆ ಸರ್ಕಾರ ಗೊತ್ತು ಮಾಡಿದಷ್ಟು ಸಂಬಳ ಕೊಡಿ."

ಹಸಿದ ನೆಂಟರ ಎದುರು ರಾಯರು ಹೂಂ ಎನ್ನಲೇಬೇಕಾಯಿತು.

ರುಕ್ಕಮ್ಮ ಎದ್ದು ಒಲೆ ಹಚ್ಚಿದಳು. ಬೇಳೆ ತೊಳೆಯುತ್ತ ಬಿಕ್ಕಿ ಬಿಕ್ಕಿ ಅತ್ತಳು. ರಾಯರ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದರು: "ಗೆದ್ದೆಯಲ್ಲೇ, ಮತ್ತ್ಯಾಕೆ ಅಳು?"

"ಗೆದ್ದೆ ಅಮ್ಮಾ. ಮಗಳೇ ಅಂತಿದ್ದೋರು ಹೋದರೂ ನನಗೆ ಸೂತಕ ಇಲ್ಲ ಅಂತಾಯ್ತಲ್ಲ."