ಸೈಲೆನ್ಸರಿನ ತೂತು

ವರದಾ ನದಿಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಒಬ್ಬ ಗುರು, ಹತ್ತು ಹನ್ನೆರಡು ಶಿಷ್ಯರು, ಒಂದು ಹಳೆಯ ಲಾರಿ. ಗುರುವನ್ನು ಎಲ್ಲರೂ ಅಪ್ಪಾರು ಎನ್ನುತ್ತಿದ್ದರು.

ಲಾರಿ ಓಡಿಸುವವನು ಫಕ್ಕೀರೇಶನೆಂಬ ಶಿಷ್ಯ. ತೋಟದಿಂದ ಅಡುಗೆಮನೆಗೆ ಕಾಯಿಪಲ್ಲೆ, ಕಟ್ಟಿಗೆ ತರುವುದು ಅವನ ಸೇವೆ. ತೋಟ ಅರ್ಧ ಮೈಲಿಯೂ ಇಲ್ಲ. ಆದರೂ ಲಾರಿಯನ್ನು ಮದುಮಗನ ಹಾಗೆ ತೊಳೆದು ಒರೆಸಿ ನಿಲ್ಲಿಸುತ್ತಿದ್ದ. ಧ್ಯಾನಕ್ಕೆ ಕೂತಾಗಲೂ ಅವನ ಒಂದು ಕಣ್ಣು ಲಾರಿಯ ಮೇಲೇ ಇರುತ್ತಿತ್ತು.

ಒಮ್ಮೆ ಲಾರಿಯ ಸೈಲೆನ್ಸರ್ ಹೋಯಿತು. ಅಷ್ಟು ಹಳೆಯ ಗಾಡಿಗೆ ಕಂಪನಿಯದು ಎಲ್ಲಿ ಸಿಗಬೇಕು? ಹೆದ್ದಾರಿ ಕ್ರಾಸಿನಲ್ಲಿ ವೆಲ್ಡಿಂಗ್ ಕೆಲಸ ಮಾಡುವ ದಾವಲಸಾಬ ತಾನೇ ತಗಡು ಬಗ್ಗಿಸಿ ಹೊಸದೊಂದನ್ನು ಮಾಡಿ ಕೂಡಿಸಿದ. ಅದರ ತಳದಲ್ಲಿ ಜೋಳದ ಕಾಳಿನಷ್ಟು ಒಂದು ತೂತಿತ್ತು.

"ಇದೇನ್ ಸಾಬ್ರ, ಹೊಸಾದಕ್ಕ ತೂತು ಹಾಕೀರಿ?" ಎಂದ ಫಕ್ಕೀರೇಶ.

"ಹೊಗಿ ಜೋಡಿ ನೀರೂ ಬರ್ತೈತ್ರಿ. ದೂರ ಓಡಿದ್ರ ಕಾದು ಆವಿ ಆಗಿ ಹೋಕ್ಕೈತಿ. ನಿಮ್ಮ ಗಾಡಿ ತೋಟಕ್ಕ ಹೋಗಿ ಬರೂದರಾಗ ಎಲ್ಲಿ ಕಾಯಬೇಕು? ನೀರು ಒಳಗ ನಿಂದರ್ತೈತಿ. ವಾರಕ್ಕೊಮ್ಮೆ ಹಾವೇರಿ ತನಕ ಹೊಡಕೊಂಡು ಬರ್ರಿ. ಈ ತೂತು ಮಾತ್ರ ಮುಚ್ಚಬ್ಯಾಡ್ರಿ."

ಮುಂದಿನ ಅಮಾವಾಸ್ಯೆಗೆ ಆಶ್ರಮದ ತುಂಬ ಜನ. ಸಾರಿಸಿದ ಅಂಗಳದಲ್ಲಿ ಲಾರಿ ನಿಂತಿತ್ತು. ಅದರ ಕೆಳಗೆ ತೊಟ್ಟು ತೊಟ್ಟಾಗಿ ಕರೀ ನೀರು ಇಳಿದು ಹರಿಯತೊಡಗಿತು.

ಒಬ್ಬ ಮುದುಕಿ ಫಕ್ಕೀರೇಶನಿಗೆ ಕೂಗಿದಳು: "ಯಪ್ಪಾ, ನಿನ್ನ ಲಾರಿ ಉಚ್ಚಿ ಹೊಯ್ಕೊಂಡೈತಿ ನೋಡು!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಪ್ಪಾರೂ ನಕ್ಕರು. ಫಕ್ಕೀರೇಶನೊಬ್ಬನಿಗೆ ನಗು ಬರಲಿಲ್ಲ, ಕಿವಿ ಕಾದವು.

ಜನ ಹೋದ ಮೇಲೆ ಅವನು ಲಾರಿಯ ಕೆಳಗೆ ನುಸುಳಿ, ಆ ತೂತಿಗೆ ಒಂದು ಸ್ಕ್ರೂ ಬಡಿದ. ಕಾಣಬಾರದೆಂದು ಮೇಲೆ ಕರೀ ಬಣ್ಣ ಹಚ್ಚಿದ. ಅಂಗಳ ಒಣಗಿತು. ಹಾವೇರಿಗೂ ಹೋಗಲಿಲ್ಲ.

ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯಿತು. ಒಂದು ದಿನ ಹೆದ್ದಾರಿ ಕ್ರಾಸಿನಲ್ಲಿ, ಚಹಾದಂಗಡಿಯ ಎದುರಿಗೇ, ಸೈಲೆನ್ಸರ್ ತುಕ್ಕು ತಿಂದು ಕಳಚಿ ಬಿತ್ತು. ಡ್ರೈವರುಗಳು ಗ್ಲಾಸು ಹಿಡಿದುಕೊಂಡೇ ಎದ್ದು ಬಂದರು.

"ಹೊಸಾದಲ್ಲೇನೋ ಇದು?"

ಫಕ್ಕೀರೇಶ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. ಅದನ್ನು ಹೇಳಬಾರದಿತ್ತು.

"ಆ ದಾವಲಸಾಬ ಕೊಳೆತ ತಗಡು ಹಾಕ್ಯಾನ್ರಿ. ಆಶ್ರಮದ ಗಾಡಿಗೂ ಮೋಸ ಮಾಡ್ಯಾನ."

ಒಂದೇ ಮಾತು. ಅದು ಲಾರಿಯಿಂದ ಲಾರಿಗೆ ಹತ್ತಿ ಊರೂರಿಗೆ ಹೋಯಿತು. ಆಶ್ರಮದವನು ಆಡಿದ ಮಾತನ್ನು ಯಾರು ಅನುಮಾನಿಸುತ್ತಾರೆ? ದಾವಲಸಾಬನ ಶೆಡ್ಡಿನ ಮುಂದೆ ಗಾಡಿ ನಿಲ್ಲುವುದು ನಿಂತಿತು.

ಎಂಟನೆಯ ದಿನ ದಾವಲಸಾಬ ಆಶ್ರಮಕ್ಕೆ ಬಂದ.

"ಅಪ್ಪಾರ, ಮೂವತ್ತು ವರ್ಷದಾಗ ನನ್ನ ಕೆಲಸ ಹಿಂಗ ಹಾಳಾಗಿದ್ದಿಲ್ಲ. ಎಲ್ಲಿ ತಪ್ಪಿದ್ನೋ ತಿಳೀವಲ್ದು. ಕಳಚಿ ಬಿದ್ದದ್ದನ್ನ ಒಮ್ಮೆ ನೋಡ್ತೀನ್ರಿ."

"ಇಲ್ಲೇ ಕೊಯ್ದು ನೋಡು" ಎಂದರು ಅಪ್ಪಾರು. "ಫಕ್ಕೀರೇಶ, ನೀ ಹಿಡಕೋ."

ಫಕ್ಕೀರೇಶ ಹಿಡಿದುಕೊಂಡ. ಗರಗಸ ಆಡಿತು. ತುಕ್ಕಿನ ನೀರು ಗಬ್ಬು ನಾರುತ್ತ ಅವನ ಪಾದಗಳ ಮೇಲೆ ಸುರಿಯಿತು.

ದಾವಲಸಾಬ ತಳದ ಮೇಲೆ ಬೆರಳಾಡಿಸಿದ. ಒಂದು ಕಡೆ ಬೆರಳು ನಿಂತಿತು. ಬಣ್ಣ ಕೆರೆದು ಸ್ಕ್ರೂ ತೆಗೆದ. ಅದನ್ನು ನೋಡಿದ, ಫಕ್ಕೀರೇಶನ ಮುಖ ನೋಡಿದ. ಸ್ಕ್ರೂವನ್ನು ಅಂಗಿಯ ಕಿಸೆಗೆ ಹಾಕಿಕೊಂಡ.

"ತಿಳೀತ್ರಿ ಅಪ್ಪಾರ. ನಾಳೆ ಹೊಸಾದು ತರ್ತೀನಿ" ಎಂದು ಹೊರಟುಹೋದ.

ಬೈದಿದ್ದರೆ ಫಕ್ಕೀರೇಶ ತಡೆದುಕೊಳ್ಳುತ್ತಿದ್ದ. ಅದೇ ಸಂಜೆ ಅಪ್ಪಾರು ಹೊಳೆಯ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದಾಗ ಹೋಗಿ ಕಾಲ ಬಳಿ ಕೂತ.

"ಅಪ್ಪಾರ, ಆ ತೂತು ಮುಚ್ಚಿದಾಂವ ನಾನು."

"ಹೂಂ."

"ಸಾಬನ ಮ್ಯಾಲ ಸುಳ್ಳು ಹೇಳಿದೆ. ಈಗ ನಿಮ್ಮ ಮುಂದ ಹೇಳಿದ್ಮ್ಯಾಲ ಜೀವ ಹಗುರಾತ್ರಿ."

ಅಪ್ಪಾರು ನೀರು ನೋಡುತ್ತ ಕೇಳಿದರು: "ಸಾಬ ತೂತು ಎಲ್ಲಿ ಹಾಕಿದ್ದ?"

"ತಳದಾಗ್ರಿ."

"ಮ್ಯಾಲ ಹಾಕಬಹುದಿತ್ತಲ್ಲ. ಯಾರಿಗೂ ಕಾಣ್ತಿದ್ದಿಲ್ಲ."

"ಮ್ಯಾಲ ಹಾಕಿದ್ರ ಏನ್ ಬಂತ್ರಿ? ನೀರು ನಿಂದಿರೂದು ತಳದಾಗ್ರಿ."

"ಸುಳ್ಳು ಹೇಳಿದ್ದು ಎಲ್ಲಿ, ಖರೇ ಹೇಳಾಕತ್ತಿದ್ದು ಎಲ್ಲಿ?" ಎಂದು ಅಪ್ಪಾರು ಎದ್ದು ಹೋದರು.

ಬೆಳಗ್ಗೆ ಫಕ್ಕೀರೇಶ ಚಹಾದಂಗಡಿಗೆ ಹೋದ. ಡ್ರೈವರುಗಳು ಕೂತಿದ್ದರು.

"ಸಾಬಂದು ತಪ್ಪಿಲ್ರಿ. ತಗಡು ಚಲೋನ ಇತ್ತು. ನೀರಿಳಿಯೋ ತೂತು ಮುಚ್ಚಿತ್ತು, ಅದಕ್ಕ ಕೊಳೀತು."

"ಯಾರು ಮುಚ್ಚಿದ್ರು?" ಎಂದು ಒಬ್ಬ ಕೇಳಿದ.

"ಏನೋಪಾ... ಕೆಸರು ಹತ್ತಿರಬೇಕು" ಎಂದು ಫಕ್ಕೀರೇಶ ಬೇಗ ಬೇಗ ತಿರುಗಿ ಬಂದ.

ಅಪ್ಪಾರು ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

"ಹೇಳಿದ್ಯಾ?"

"ಹೇಳಿದ್ನ್ರಿ."

"ಸಾಬನ ಹೆಸರು ಉಳೀತೇನು?"

"ಉಳೀತ್ರಿ."

"ನಿನ್ನ ಹೆಸರು?"

ಫಕ್ಕೀರೇಶ ತಲೆ ತಗ್ಗಿಸಿದ. "ಅದೂ ಉಳೀತ್ರಿ."

ಅಪ್ಪಾರು ಒಳಗೆ ಹೋಗಿ, ಕರೀ ಬಣ್ಣದ ಡಬ್ಬಿ ಮತ್ತು ಬ್ರಷ್ಷು ತಂದು ಅವನ ಮುಂದೆ ಇಟ್ಟರು.

"ತಗೋ. ಇನ್ನೂ ಎಲ್ಲೆಲ್ಲಿ ಹಚ್ಚೂದೈತಿ, ಹಚ್ಚಿ ಮುಗಿಸು."

ಭೂಮಿ ಬಾಯಿ ಬಿಟ್ಟಿದ್ದರೆ ಫಕ್ಕೀರೇಶ ಒಳಗೆ ಇಳಿದುಬಿಡುತ್ತಿದ್ದ. ಅದು ಬಾಯಿ ಬಿಡಲಿಲ್ಲ. ಬಂದ ದಾರಿಯಲ್ಲೇ ಅವನು ಮತ್ತೆ ನಡೆದ.

ಈ ಸಲ ಚಹಾದಂಗಡಿಯಲ್ಲಿ ದಾವಲಸಾಬನೂ ಇದ್ದ. ಹೊಸ ಸೈಲೆನ್ಸರನ್ನು ಬೆಂಚಿಗೆ ಒರಗಿಸಿ ಚಹಾ ಕುಡಿಯುತ್ತಿದ್ದ.

"ಕೆಸರು ಅಲ್ರಿ" ಎಂದ ಫಕ್ಕೀರೇಶ. ಯಾರೂ ತಿರುಗಿ ನೋಡಲಿಲ್ಲ. ಮತ್ತೊಮ್ಮೆ ಹೇಳಿದ. "ಕೆಸರು ಅಲ್ಲ. ನಾನ ಸ್ಕ್ರೂ ಬಡದಿದ್ದೆ. ಜನ ನಕ್ರು ಅಂತ. ಆಮ್ಯಾಲ ಈ ಸಾಬರ ಹೆಸರು ಕೆಡಿಸಿದೆ. ಗೊತ್ತಿದ್ದೂ ಕೆಡಿಸಿದೆ."

ಒಬ್ಬ ಅರ್ಧ ಚಹಾ ಬಿಟ್ಟು ಎದ್ದು ಹೋದ. ಇನ್ನೊಬ್ಬ ಕೇಳಿದ: "ಆಶ್ರಮದಾಗ ಇದ್ದು ಇದನ್ನೇನ ಕಲತದ್ದು?"

ಫಕ್ಕೀರೇಶ ಈ ಸಲ ಓಡಿಹೋಗಲಿಲ್ಲ. ಕೇಳಿಸಿಕೊಳ್ಳುತ್ತ ನಿಂತ.

ದಾವಲಸಾಬ ಚಹಾ ಮುಗಿಸಿ ಬಂದು, ಕಿಸೆಯಿಂದ ಸ್ಕ್ರೂ ತೆಗೆದು ಅವನ ಅಂಗೈಯಲ್ಲಿ ಇಟ್ಟ.

"ನಡೀರಿ ಶೆಡ್ಡಿಗೆ" ಎಂದು ಹೊಸ ಸೈಲೆನ್ಸರ್ ಎತ್ತಿಕೊಂಡ. "ಇದಕ್ಕಿನ್ನಾ ತೂತು ಹಾಕಿಲ್ಲ. ನೀವ ಹಾಕೀರಂತ."

ಮತ್ತೆ ಅಮಾವಾಸ್ಯೆ ಬಂತು. ಆಶ್ರಮದ ತುಂಬ ಜನ. ಫಕ್ಕೀರೇಶ ತೋಟದಿಂದ ಬಂದು ಲಾರಿ ನಿಲ್ಲಿಸಿದ. ಸಾರಿಸಿದ ಅಂಗಳಕ್ಕೆ ಕರೀ ನೀರು ತೊಟ್ಟಿಕ್ಕಿತು.

"ಯಪ್ಪಾ, ಮತ್ತ ಶುರು ಹಚ್ಚಿತಲ್ಲೋ ನಿನ್ನ ಲಾರಿ!" ಎಂದಳು ಅದೇ ಮುದುಕಿ.

ಜನ ನಕ್ಕರು. ಹಿಂದೆ ನಿಂತಿದ್ದ ಒಬ್ಬ ಡ್ರೈವರು ಮಾತ್ರ ನಗದೆ, ಫಕ್ಕೀರೇಶನ ಕಡೆ ಕೈ ತೋರಿಸಿ ಪಕ್ಕದವನಿಗೆ ಏನೋ ಹೇಳಿದ. ಅವನು ಅವನ ಪಕ್ಕದವನಿಗೆ ಹೇಳಿದ. ನಗು ನಿಂತು ಅಂಗಳದಲ್ಲಿ ಪಿಸುಮಾತು ಎದ್ದಿತು.

ಫಕ್ಕೀರೇಶನ ಮುಖ ಕೆಂಪಾಯಿತು. ಕೈ ತಾನಾಗಿಯೇ ಹೆಗಲ ಮೇಲಿನ ಬಟ್ಟೆಗೆ ಹೋಯಿತು. ಬಗ್ಗಿ ನೆಲ ಒರೆಸಲು ಕೂತ.

ಅಪ್ಪಾರು ಹತ್ತಿರ ಬಂದು ಅವನ ಕೈ ಹಿಡಿದರು.

"ಒರಸಬ್ಯಾಡ ತಮ್ಮಾ. ಒಳಗ ಇನ್ನೂ ಐತಿ, ಬರ್ಲಿ."