ಬಣ್ಣವಿಲ್ಲದ ಒದ್ದೆ

ಡಾಕ್ಟರ್ ವೀರಭದ್ರ ಗರ್ಭಕೋಶದ ಆಪರೇಶನ್ ಮಾಡಿದರೆ ಹೊಲಿಗೆಯ ಗುರುತೂ ಉಳಿಯುವುದಿಲ್ಲ ಎಂದು ಸುತ್ತ ಹತ್ತು ಹಳ್ಳಿಯಲ್ಲಿ ಮಾತಿತ್ತು. ಆ ಮಾತು ಅವನ ಕಿವಿಗೂ ಬಿದ್ದಿತ್ತು. ಎಡವಟ್ಟಾದದ್ದೇ ಅಲ್ಲಿ.

ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಫಕೀರವ್ವ ಅವನಿಂದ ಆ ಆಪರೇಶನ್ ಮಾಡಿಸಿಕೊಂಡ ಹತ್ತನೇ ದಿನ ಬಂದು, ಮೂತ್ರ ಸದಾ ಸೋರುತ್ತದೆ ಎಂದಳು. "ನಿಶ್ಶಕ್ತಿ ಅದು, ಕಡಿಮಿ ಆಗ್ತದ ಹೋಗವ್ವಾ" ಎಂದು ಗುಳಿಗೆ ಬರೆದುಕೊಟ್ಟ. ಎರಡು ವಾರ ಬಿಟ್ಟು ಮತ್ತೆ ಬಂದವಳು ಬೆಂಚಿನ ಮೇಲೆ ಕೂರಲೂ ಅಂಜಿ ಬಾಗಿಲಲ್ಲೇ ನಿಂತಳು. ಅವತ್ತು ವೀರಭದ್ರನಿಗೆ ವಿದ್ಯೆ ಕಲಿಸಿದ ಸರೋಜಿನಿ ಮೇಡಂ ಅಲ್ಲಿದ್ದರು. "ಪರೀಕ್ಷಾ ಮಾಡಿ ನೋಡು" ಎಂದರು.

ಮೂತ್ರಚೀಲಕ್ಕೆ ನೀಲಿ ಬಣ್ಣದ ನೀರು ತುಂಬಿಸಿ, ಯೋನಿಯೊಳಗೆ ಮೂರು ಹತ್ತಿಯುಂಡೆ ಇಟ್ಟು, ಅವಳನ್ನು ವರಾಂಡದಲ್ಲಿ ಅಡ್ಡಾಡಿಸಿದರು. ಚೀಲ ತೂತಾಗಿದ್ದರೆ ಹತ್ತಿ ನೀಲಿಯಾಗಬೇಕು. ಆ ಕಾಲು ಗಂಟೆ ವೀರಭದ್ರನ ಜೀವ ಬಾಯಿಗೆ ಬಂದಿತ್ತು. ನೀಲಿಯಾದರೆ ಕಟ್ಟಿಕೊಂಡ ಹೆಸರು ಮಣ್ಣುಪಾಲು.

ಫಕೀರವ್ವನನ್ನು ಮಲಗಿಸಿ ಹತ್ತಿ ತೆಗೆದ. ಮೂರೂ ಬೆಳ್ಳಗಿದ್ದವು! ಬೀಸೋ ದೊಣ್ಣೆ ತಪ್ಪಿತು ಎಂದುಕೊಂಡ.

"ಮೇಡಂ, ಬಣ್ಣ ಇಲ್ಲ!"

ಮೇಡಂ ಆಚೆ ತಿರುಗಿ ಕೈ ತೊಳೆಯುತ್ತಿದ್ದರು. "ಬ್ಯಾರೆ ಏನರೆ ಐತೇನು?"

ಆಗ ಅವನ ಬೆರಳಿಗೆ ಗೊತ್ತಾಯಿತು. ಎಲ್ಲಕ್ಕಿಂತ ಒಳಗಿದ್ದ ಹತ್ತಿ ತೊಟ್ಟಿಕ್ಕುವಷ್ಟು ಒದ್ದೆಯಾಗಿತ್ತು. ಅಂದರೆ ಸೋರುತ್ತಿರುವುದು ನೀಲಿ ನೀರು ತುಂಬಿದ ಚೀಲವಲ್ಲ, ಮೂತ್ರಪಿಂಡದಿಂದ ಚೀಲಕ್ಕೆ ಇಳಿಯುವ ನಾಳ. ಸುಮ್ಮನಿದ್ದರೆ ಆ ನಾಳ ತಾನೇ ಮುಚ್ಚಿ ಸೋರುವುದು ನಿಲ್ಲಲೂಬಹುದು. ಆಗ ಮೂತ್ರಪಿಂಡ ಒಳಗೇ ಸದ್ದಿಲ್ಲದೆ ಸಾಯುತ್ತದೆ. ಯಾರಿಗೂ ತಿಳಿಯುವುದಿಲ್ಲ, ಅವನ ಹೆಸರೂ ಉಳಿಯುತ್ತದೆ. ಹತ್ತಿ ಹಿಡಿದ ಕೈಯನ್ನು ಕಸದ ಬುಟ್ಟಿಯ ಮೇಲೆ ಒಯ್ದ.

"ಯಪ್ಪಾ, ನಾತ ಬರ್ತೈತಿ, ಹಿಟ್ಟ ಮುಟ್ಟಬ್ಯಾಡ ಅಂತಾರ" ಎಂದಳು ಫಕೀರವ್ವ, ಮಲಗಿದಲ್ಲಿಂದಲೇ. "ನಾ ಏನ್ ತಪ್ಪ ಮಾಡೇನಿ?"

ವೀರಭದ್ರನಿಗೆ ತಡೆಯಲಾಗಲಿಲ್ಲ. "ತಪ್ಪು ನಿಂದಲ್ಲವ್ವಾ. ನನ್ನ ಹೊಲಿಗಿ ತಪ್ಪೈತಿ" ಎಂದು ಒದ್ದೆ ಹತ್ತಿಯನ್ನು ಮೇಡಂ ಮುಂದೆ ಹಿಡಿದ.

ಸ್ಕ್ಯಾನಿಂಗಿನಲ್ಲಿ ನೋಡಿದರೆ ಬಲಗಡೆಯ ನಾಳ ಹರಿದಿತ್ತು, ಮೂತ್ರಪಿಂಡ ಊದಿತ್ತು. ಮೇಡಂ ನಾಳವನ್ನು ಚೀಲಕ್ಕೆ ಹೊಸದಾಗಿ ಜೋಡಿಸಿದರು. ಮೂತ್ರಪಿಂಡ ಉಳಿಯಿತು, ಸೋರುವುದೂ ನಿಂತಿತು.

ಫಕೀರವ್ವ ಊರಿಗೆ ಹೊರಟ ದಿನ ವೀರಭದ್ರ ಕೈ ಮುಗಿದು ಕ್ಷಮೆ ಕೇಳಿದ. ಫಕೀರವ್ವ ಅವನನ್ನೇ ನೋಡಿದಳು.

"ಕೈ ತಪ್ಪಿದ್ದಕ್ಕ ನಂಗ ಸಿಟ್ಟಿಲ್ಲಪ್ಪಾ. ಎರಡ ವಾರ ನಾನೇ ಹೊಲಸು ಅನ್ಕೊಂಡು ಅತ್ತೇನಲ್ಲ, ಅದಕ್ಯಾವ ಡಾಕ್ಟರ ಹೊಲಿಗಿ ಹಾಕ್ತಾನ?"



ನೀತಿ: ಕೈ ತಪ್ಪುವುದು ಯಾರನ್ನೂ ಬಿಟ್ಟಿದ್ದಲ್ಲ. ತಪ್ಪನ್ನು ತಡವಾಗಿ ಒಪ್ಪಿಕೊಂಡರೂ ಗಾಯ ಮಾಯಬಹುದು, ಆದರೆ ನಮ್ಮ ತಪ್ಪಿಗೆ ಇನ್ನೊಬ್ಬರು ನಾಚಿಕೊಂಡು ಕಳೆದ ದಿನಗಳನ್ನು ಮರಳಿಸಲಾಗದು. ನೋವು ಹೇಳಿಕೊಂಡು ಬಂದವರ ಮಾತನ್ನು ಮೊದಲ ದಿನವೇ ನಂಬಿ.